ಆಗ್ನೇಯ ಮೂಲೆಯ ಹೀಟರು

ಹೋದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದಳು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದು ಮುಗಿಸಿದವಳು. ಚಿಕ್ಕಜಾಲದ ನಮ್ಮ ಶೆಡ್ಡಿನಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ‘ನಮ್ಮ’ ಎಂದು ಕೈ ತಾನಾಗಿ ಬರೆದುಬಿಟ್ಟಿತು. ಶೆಡ್ಡು ನನ್ನ ಮೈದುನ ನಾಗರಾಜನದು. ನಾನು ಅಲ್ಲಿಂದ ಹೊರಬಿದ್ದು ಕೆಲವು ಯುಗಾದಿಗಳು ಕಳೆದಿವೆ.

“ಆಂಟಿ, ನಿಮ್ ನಂಬರ್ ಸಲೀಂ ಭಾಯ್ ಕೊಟ್ರು. ಮುಂಚೆ ಹೀಟರ್ ಗಾಡಿಗಳ ಫೈನಲ್ ಚೆಕಿಂಗ್ ನೀವೇ ಮಾಡ್ತಿದ್ರಂತೆ. ಏನೇನು ನೋಡ್ಬೇಕು ಅಂತ ಇಲ್ಲಿ ಯಾರೂ ಸರಿಯಾಗಿ ಹೇಳ್ತಿಲ್ಲ. ‘ಬೊಟ್ಟು ಇದ್ಯಲ್ಲ, ಸಾಕು’ ಅಂತಾರೆ. ಯಾಕಾಂಟಿ ಆ ಬೊಟ್ಟು?”

ಒಲೆಯ ಮೇಲೆ ಹಾಲಿತ್ತು. ಆಮೇಲೆ ಹೇಳುತ್ತೇನೆ ಎಂದೆ. ಹೇಳಲು ಕೂತರೆ ಅದು ಫೋನಿನಲ್ಲಿ ಮುಗಿಯುವ ಮಾತಾಗಿರಲಿಲ್ಲ. ಅವಳಿಗಾಗಿ, ಅವಳಂತೆ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾಗರಾಜನ ಶೆಡ್ಡಿನಲ್ಲಿ ಮಿನಿ ಬಸ್ಸುಗಳನ್ನು, ದೊಡ್ಡ ವ್ಯಾನುಗಳನ್ನು ಮನೆಯಾಗಿ ಮಾಡುತ್ತಾರೆ. ಸೀಟು ಕಿತ್ತು ಹಾಸಿಗೆ, ಸಿಂಕು, ಸಣ್ಣ ಅಡುಗೆ ಕಟ್ಟೆ, ಬಚ್ಚಲು. ಕ್ಯಾರವಾನ್ ಎಂದು ಕರೆಯುತ್ತಾರೆ. ನನ್ನನ್ನು ಅಲ್ಲಿಗೆ ಕರೆದದ್ದು ಪರದೆ ಹೊಲಿಯಲು. ಆರ್.ಟಿ. ನಗರದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಎರಡು: ನೇರ ಹೊಲಿಗೆ, ಮತ್ತು ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವುದು. ಮದುವೆಯಾದ ಮೇಲೆ ಪುಟ್ಟೇನಹಳ್ಳಿಯ ಮನೆಯಲ್ಲಿ ಎರಡಕ್ಕೂ ಹೆಚ್ಚು ಕೆಲಸವಿರಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ನಾಗೂ ಬಂದು, “ಅತ್ತಿಗೆ, ಟೈಲರ್‌ಗಳು ಕಿಟಕಿ ಅಳತೆ ತಪ್ಪಿಸ್ತಾರೆ, ನೀವು ಬಂದು ನೋಡ್ಕೊಳ್ಳಿ” ಎಂದ. ಹೋದೆ.

ಹಿಮಾಲಯದ ಕಡೆ ಗಾಡಿ ಒಯ್ಯುವ ಗಿರಾಕಿಗಳು ಬರಲು ಶುರುವಾದಾಗ ನಾಗೂ ಹೊರದೇಶದಿಂದ ಮೊದಲ ಹೀಟರು ತರಿಸಿದ. ಪ್ರೊಪೇನ್ ಗ್ಯಾಸಿನಲ್ಲಿ ಉರಿಯುವ ತಗಡಿನ ಪೆಟ್ಟಿಗೆ. ನಮ್ಮ ಫಿಟ್ಟರ್ ಸಲೀಂ ಭಾಯ್ ಅದಕ್ಕೆ ‘ಭಟ್ಟಿ’ ಎಂದು ಹೆಸರಿಟ್ಟರು. ಒಳಗಿನ ಉರಿಗೆ ಬೇಕಾದ ಗಾಳಿಯನ್ನು ಅದು ಗಾಡಿಯ ಹೊರಗಿನಿಂದ ಎಳೆದುಕೊಳ್ಳುತ್ತದೆ, ಉರಿದ ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ಕೋಣೆಯ ಗಾಳಿ ಬಿಸಿಯಾದ ಲೋಹದ ಸುತ್ತ ಹಾಯ್ದು ಬರುತ್ತದೆಯೇ ಹೊರತು ಉರಿಯನ್ನು ಮುಟ್ಟುವುದಿಲ್ಲ. ಹಾಗೆ ಮುಟ್ಟದಂತೆ ಕೂರಿಸುವುದೇ ಇಡೀ ಕೆಲಸ. ಹೊಗೆ ಒಳಗೆ ಬಂದರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರಿಗೆ ತಲೆ ಭಾರವಾಗುತ್ತದೆ, ಇನ್ನಷ್ಟು ನಿದ್ದೆ ಬರುತ್ತದೆ. ಆ ನಿದ್ದೆಯಿಂದ ಏಳುವುದಿಲ್ಲ.

ಇದನ್ನೆಲ್ಲ ನಾನು ತಿಳಿದದ್ದು ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯಿಂದ. ನಾಗೂ ಅದನ್ನು ಮಡಚಿ, ಅಲುಗಾಡುತ್ತಿದ್ದ ಕೆಲಸದ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದ. ಪರದೆಯ ಸರಳು ಬರುವುದು ತಡವಾದ ಒಂದು ಮಧ್ಯಾಹ್ನ ಅದನ್ನು ಎಳೆದುಕೊಂಡು ಓದಿದೆ. ಮೇಜು ಮತ್ತೆ ಅಲುಗಾಡತೊಡಗಿತು. ಆ ವಿಷಯಕ್ಕೆ ಬೈಸಿಕೊಂಡೆ.

ಆ ದಿನವೇ ಸಲೀಂ ಭಾಯ್ ಗ್ಯಾಸಿನ ಪೈಪು ಜೋಡಿಸಿ ಮುಗಿಸಿದ್ದರು. ನೋಡಿದರೆ, ಬೆಂಕಿಕಡ್ಡಿ ಗೀರಿ ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿಯುತ್ತಿದ್ದಾರೆ.

“ಏನ್ ಮಾಡ್ತಿದ್ದೀರಾ ಭಾಯ್?”

“ಲೀಕ್ ನೋಡ್ತಿದ್ದೀನಿ ಮೇಡಂ. ಇದ್ರೆ ಪುಸ್ ಅಂತ ನೀಲಿ ಉರಿ ಬರುತ್ತೆ. ಆಗ ಟೈಟ್ ಮಾಡೋದು. ನಮ್ ಉಸ್ತಾದ್ ಹಿಂಗೇ ಮಾಡ್ತಿದ್ರು.”

“ನಿಮ್ ಉಸ್ತಾದ್ ಈಗ ಹೇಗಿದ್ದಾರೆ?”

“ಹುಬ್ಬು ಇಲ್ಲ ಮೇಡಂ. ಬಾಕಿ ಎಲ್ಲಾ ಚೆನ್ನಾಗೇ ಇದ್ದಾರೆ.”

ಮಾರನೆಯ ದಿನ ನಮ್ಮ ಯಜಮಾನರ ಹಳೆಯ ಶೇವಿಂಗ್ ಬ್ರಷ್ಷನ್ನೂ, ಪಾತ್ರೆ ತೊಳೆಯುವ ಸೋಪಿನ ನೀರನ್ನೂ ಡಬ್ಬಿಯಲ್ಲಿ ಒಯ್ದೆ. ಗ್ಯಾಸು ತೆರೆದಿಟ್ಟು, ಪ್ರತಿ ಜಾಯಿಂಟಿಗೂ ನೊರೆ ಬಳಿದು, ಸುಮ್ಮನೆ ನೋಡುತ್ತಾ ಕೂರಬೇಕು. ಸೋರಿಕೆಯಿದ್ದ ಕಡೆ ಒಂದು ಗುಳ್ಳೆ ನಿಧಾನವಾಗಿ ಉಬ್ಬುತ್ತದೆ. ಮೊದಲ ಗಾಡಿಯಲ್ಲೇ, ಅಡುಗೆ ಒಲೆಯ ಹಿಂದೆ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಸಲೀಂ ಭಾಯ್ ಅದನ್ನು ಬಗ್ಗಿ ನೋಡಿ ತಮ್ಮ ಹುಬ್ಬು ಮುಟ್ಟಿಕೊಂಡರು. ಅಲ್ಲಿಂದ ಮುಂದೆ “ಮೇಡಂ, ಗಾಡಿಗೆ ಶೇವಿಂಗ್ ಆಯ್ತಾ?” ಎಂದು ಅವರೇ ಕೇಳತೊಡಗಿದರು.

ಬೊಟ್ಟಿನ ಕತೆ ಇಷ್ಟು. ಎಲ್ಲ ನೋಡಿ ಮುಗಿದ ಗಾಡಿ ಯಾವುದು, ಇನ್ನೂ ನೋಡದ್ದು ಯಾವುದು ಎಂದು ಗೊತ್ತಾಗಲು ಏನಾದರೂ ಗುರುತು ಬೇಕಿತ್ತು. ಒಂದು ಸಲ ಕೈಗೆ ಏನೂ ಸಿಗದೆ, ಪರ್ಸಿನಲ್ಲಿದ್ದ ಹಾಳೆಯಿಂದ ಕೆಂಪು ಸ್ಟಿಕರ್ ಬೊಟ್ಟು ಕಿತ್ತು ಸಿಲಿಂಡರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದೆ. ಅದೇ ಪದ್ಧತಿಯಾಯಿತು. “ಮೇಡಂ ಬೊಟ್ಟಿಟ್ರೆ ಗಾಡಿ ಪಾಸ್” ಎನ್ನುತ್ತಿದ್ದರು. ಬೊಟ್ಟಿಲ್ಲದ ಗಾಡಿ ಗೇಟು ದಾಟುವಂತಿರಲಿಲ್ಲ.

ಹುಡುಗಿಯರೇ, ಈ ಕೆಲಸದಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಜನರ ಅಚ್ಚುಕಟ್ಟುತನವನ್ನು ಕಾಯಬೇಕು. ಸಿಲಿಂಡರ್ ಇಡುವ ಪೆಟ್ಟಿಗೆ ಗಾಡಿಯ ಒಳಭಾಗಕ್ಕೆ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೂತಿರಬೇಕು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಆ ತೂತಿನಿಂದ ಹೊರಗೆ ಹೋಗಲಿ ಎಂದು. ಆರ್.ಟಿ. ನಗರದ ಒಂದು ಮನೆಯವರು ಸರ್ವೀಸಿಗೆ ಗಾಡಿ ತಂದಾಗ ಕೈಯಾಡಿಸಿ ನೋಡಿದೆ: ತೂತೇ ಇಲ್ಲ. “ಇಲಿ ಬರುತ್ತೆ ಅಂತ ನಾವೇ ಎಂ-ಸೀಲ್ ಹಾಕಿ ಮುಚ್ಚಿದ್ವಿ, ನೀಟಾಗಿದೆ ಅಲ್ವಾ?” ಎಂದು ಆ ಮನೆಯಾಕೆ ಸಂತೋಷದಿಂದ ಕೇಳಿದರು. ನಿಜಕ್ಕೂ ನೀಟಾಗಿತ್ತು. ಸಲೀಂ ಭಾಯ್ ಕೂತು ಉಳಿಯಿಂದ ಕೆತ್ತಿ ತೆಗೆದರು. ಅದೇ ಗಾಡಿಯಲ್ಲಿ ಮನೆಯ ಕೆಂಪು ಸಿಲಿಂಡರನ್ನು ಹಾಸಿಗೆಯ ಕೆಳಗೆ ಅಡ್ಡ ಮಲಗಿಸಿ ಇಟ್ಟಿದ್ದರು. ಸಿಲಿಂಡರು ಯಾವಾಗಲೂ ನಿಂತಿರಬೇಕು. ಮಲಗಿದರೆ ಒಳಗಿನ ದ್ರವ ಹಾಗೇ ಪೈಪಿಗೆ ನುಗ್ಗುತ್ತದೆ.

ಇನ್ನೊಂದು ಗಾಡಿಯ ಹೀಟರು ಹೊತ್ತಿ ಹೊತ್ತಿ ಆರುತ್ತಿತ್ತು. ನಾಗೂ ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ ಎಂದು ಹೊಸದು ತರಿಸಿದ, ಅದೂ ಆರಿತು. ಆ ಗಾಡಿ ಮಳೆಗಾಲವೆಲ್ಲ ಶೆಡ್ಡಿನ ಹಿಂದೆ ಹೊಂಗೆ ಮರದ ಕೆಳಗೆ ನಿಂತಿತ್ತು. ನಾನು ಹೇರ್‌ಪಿನ್ ಬಿಚ್ಚಿ ಹೊರಗಿನ ಗಾಳಿಕಿಂಡಿಗೆ ಹಾಕಿ ಕೆದಕಿದೆ. ಕುಂಬಾರ ಹುಳದ ಗೂಡು, ಹದವಾಗಿ ಮೆತ್ತಿದ ಮಣ್ಣು, ಉಂಡೆ ಉಂಡೆಯಾಗಿ ಉದುರಿತು. ಹೀಟರು ಹೊತ್ತಿಕೊಂಡಿತು. ನಾಗೂ ಮಣ್ಣನ್ನು ಚಪ್ಪಲಿಯಿಂದ ಬದಿಗೆ ಸರಿಸಿ, “ಅತ್ತಿಗೆ, ಪಾರ್ಟಿ ಬರ್ತಿದ್ದಾರೆ, ಟೀ ಹೇಳ್ಬಿಡಿ” ಎಂದ. ಪಾರ್ಟಿ ಬಂದಾಗ ನನ್ನನ್ನು ಯಾವಾಗಲೂ ಒಂದೇ ರೀತಿ ಪರಿಚಯ ಮಾಡಿಸುತ್ತಿದ್ದ: “ನಮ್ ಅತ್ತಿಗೆ. ಕರ್ಟನ್ ನೋಡ್ಕೋತಾರೆ.”

ಅವನು ಕೆಟ್ಟವನಲ್ಲ. ಗಿರಾಕಿಗೆ ‘ಇಲ್ಲ’ ಎನ್ನಲು ಬಾರದವನು, ಅಷ್ಟೇ. ಈ ಕೆಲಸದಲ್ಲಿ ಅಂಥವನು ಕೆಟ್ಟವನಿಗಿಂತ ಹೆಚ್ಚು ಅಪಾಯ ಎಂದು ನನಗೆ ತಿಳಿದದ್ದು ಮುನಿಶಾಮಪ್ಪನವರ ಗಾಡಿಯಲ್ಲಿ. ಹೆಸರು ಬದಲಿಸಿದ್ದೇನೆ.

ಮುನಿಶಾಮಪ್ಪನವರು ಚಿಕ್ಕಜಾಲದ ಆಚೆಯ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅವರದೇ ಅಪಾರ್ಟ್‌ಮೆಂಟುಗಳಿವೆ. ಹೆಂಡತಿ ಲಕ್ಷ್ಮಮ್ಮನವರಿಗೆ ಬದರಿ ನೋಡುವ ಆಸೆ, ಆದರೆ ಮಂಡಿನೋವು. ಬಸ್ಸು, ಲಾಡ್ಜು, ಮೆಟ್ಟಿಲು ಆಗದು. ಅದಕ್ಕೆ ಕ್ಯಾರವಾನ್. ಲಕ್ಷ್ಮಮ್ಮನವರು ಪರದೆಯ ಬಟ್ಟೆ ಆರಿಸಲು ಬಂದರು. ಎಲ್ಲ ಬಟ್ಟೆಗಳನ್ನೂ ಬೆರಳಲ್ಲಿ ಉಜ್ಜಿ ನೋಡಿ, ಕೊನೆಗೆ ಹೆಸರುಬೇಳೆ ಬಣ್ಣದ್ದನ್ನು ಹಿಡಿದು ನಿಂತರು. ಮಂಡಿ ಮಡಚಲು ಕಷ್ಟವಾದ್ದರಿಂದ ಹಿಂದಿನ ಎತ್ತರದ ಮಂಚ ಹತ್ತಲಾರೆ ಎಂದರು. ಡ್ರೈವರ್ ಸೀಟಿನ ಹಿಂದಿರುವ, ಊಟದ ಸೀಟನ್ನು ಎಳೆದರೆ ಹಾಸಿಗೆಯಾಗುವ ಜಾಗವನ್ನು ಅವರಿಗೆಂದು ಗೊತ್ತುಮಾಡಿದೆವು. ಅದರ ಪಕ್ಕ ಸರಿಸುವ ಕಿಟಕಿ.

“ಇಲ್ಲೇ ತಲೆ ಇಟ್ಕಂಡು ಮಲೀಕಂತೀನಿ. ಎದ್ರೆ ಬೆಟ್ಟ ಕಾಣ್ಬೇಕು ನಂಗೆ” ಎಂದರು.

ನಾನು ಹೀಟರನ್ನು ಹಿಂಬದಿಯ ಬಲಮೂಲೆಯಲ್ಲಿ, ಬಟ್ಟೆ ಬೀರುವಿನ ಕೆಳಗೆ ಗುರುತು ಮಾಡಿಸಿದ್ದೆ. ಅಲ್ಲಿ ಹೊರಗೋಡೆಯಲ್ಲಿ ಕಿಟಕಿಯಿಲ್ಲ, ಹೊಗೆ ಹೊರಬಿದ್ದರೆ ಹಾಗೇ ಹೋಗುತ್ತದೆ. ಸಿಲಿಂಡರ್ ಪೆಟ್ಟಿಗೆಯೂ ಹಿಂದೆಯೇ ಇರುವುದರಿಂದ ಗ್ಯಾಸಿನ ಪೈಪೂ ಚಿಕ್ಕದು.

ಒಂದು ಬೆಳಗ್ಗೆ ಮುನಿಶಾಮಪ್ಪನವರು ತಮ್ಮ ವಾಸ್ತುವಿನವರನ್ನು ಕರೆತಂದರು. ಆತ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಹತ್ತಿ, ನನ್ನ ಸೀಮೆಸುಣ್ಣದ ಗುರುತು ಕಂಡು ತಲೆಯಾಡಿಸಿದರು.

“ವಾಹನದ ಮುಖವೇ ಪೂರ್ವ. ಬಲಗಡೆ ದಕ್ಷಿಣ. ಹಾಗಾಗಿ ಮುಂದಿನ ಬಲಮೂಲೆ ಆಗ್ನೇಯ. ಅಗ್ನಿ ಅಲ್ಲೇ ಇರಬೇಕು. ನೀವು ಇಟ್ಟಿರೋದು ನೈಋತ್ಯ. ಯಜಮಾನರಿಗೆ ಕಂಟಕ.”

“ಗಾಡಿ ಉತ್ತರಕ್ಕೆ ಹೊರಟಿದೆ ಸ್ವಾಮಿ” ಎಂದೆ, ಮೆಲ್ಲಗೆ. “ಯೂ ಟರ್ನ್ ತಗೊಂಡ್ರೆ?”

“ಮುಖ ಎತ್ತ ತಿರುಗಿದರೂ ಅದೇ ಪೂರ್ವ.”

ಹಿಂದಿನಿಂದ ಸಲೀಂ ಭಾಯ್, “ಹೆಬ್ಬಾಳ ಫ್ಲೈಓವರ್ ಹತ್ತಿದ್ರೆ ನಮ್ಗೆ ಎಲ್ಲಾ ದಿಕ್ಕೂ ಒಂದೇ ಮೇಡಂ” ಎಂದು ಗೊಣಗಿದರು. ನಾಗೂ ಅವರನ್ನು ದುರುಗುಟ್ಟಿ ನೋಡಿದ. ಸಲೀಂ ಭಾಯ್ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಕೆಳಗಿಳಿದರು.

ಮುಂದಿನ ಬಲಮೂಲೆ ಎಂದರೆ ಡ್ರೈವರ್ ಸೀಟಿನ ಬೆನ್ನಿಗೆ, ಲಕ್ಷ್ಮಮ್ಮನವರು ಮಲಗುವ ಸೀಟಿನ ಅಡಿ. ಹೊಗೆಯ ಬಾಯಿ ಅವರ ಕಿಟಕಿಯ ನೇರ ಕೆಳಗೆ ಬರುತ್ತದೆ. ಬೆಟ್ಟ ನೋಡಲೆಂದು ಅವರು ಕಿಟಕಿಯನ್ನು ಒಂದಿಷ್ಟು ಸರಿಸಿದರೆ ಸಾಕು, ಹೊಗೆ ಮೇಲೆದ್ದು ಒಳಗೆ ಬರುತ್ತದೆ. ಕಿಟಕಿಯ ಕೆಳಗೆ ಹೊಗೆಬಾಯಿ ಬೇಡ ಎಂದು ಪುಸ್ತಿಕೆಯಲ್ಲಿ ಚಿತ್ರ ಬರೆದೇ ಹೇಳಿದ್ದರು. ಅಲ್ಲದೆ ಪೈಪು ಹಿಂದಿನಿಂದ ಮುಂದಿನವರೆಗೆ ಗಾಡಿಯ ಅಡಿಯಲ್ಲಿ, ಕಾದ ಸೈಲೆನ್ಸರಿನ ಪಕ್ಕದಲ್ಲೇ ಹಾಯಬೇಕು.

ಇದನ್ನು ನಾಗೂಗೆ ಹೇಳಿದೆ. ಮುನಿಶಾಮಪ್ಪನವರಿಗೂ ಹೇಳಿದೆ. ಕಿಟಕಿಯ ಹತ್ತಿರ ನಿಲ್ಲಿಸಿ, ಕೈಯಿಟ್ಟು ತೋರಿಸಿದೆ.

ಅವರು ನಗುತ್ತಲೇ ಕೇಳಿಸಿಕೊಂಡರು. “ಏನ್ ತಾಯಿ, ಇಂಗಂತೀರಾ? ಅಗ್ನಿ ಮೂಲೇಲಿ ಅಗ್ನಿ ಇಟ್ರೆ ಎಲ್ಲಾದ್ರೂ ತೊಂದ್ರೆ ಆಯ್ತದಾ? ನೀವು ಇಂಗ್ಲೀಸ್ ಬುಕ್ಕು ಓದ್ಕಂಡು ಬಂದವ್ರು. ನಮ್ಗೂ ಒಂದು ಸಾಸ್ತ್ರ ಅಂತ ಐತೆ.”

“ಶಾಸ್ತ್ರ ಇರ್ಲಿ ಯಜಮಾನ್ರೇ. ಅಮ್ಮನವರ ತಲೆ ಇಲ್ಲಿ ಬರುತ್ತೆ.”

“ಅವ್ಳ ತಲೇಲಿ ಏನೈತೆ ಬಿಡಿ” ಎಂದು ಜೋರಾಗಿ ನಕ್ಕರು. ನಾಗೂ ಕೂಡ ನಕ್ಕ. ಲಕ್ಷ್ಮಮ್ಮನವರು ಪರದೆಯ ಬಟ್ಟೆಯ ಅಂಚನ್ನು ಮಡಚುತ್ತಿದ್ದರು, ತಲೆಯೆತ್ತಲಿಲ್ಲ.

ಅವರು ಹೋದ ಮೇಲೆ ನಾಗೂಗೆ ಖಂಡಿತ ಮಾತಿನಲ್ಲಿ ಹೇಳಿದೆ: ಅಲ್ಲಿ ಕೂರಿಸಿದರೆ ನಾನು ಬೊಟ್ಟಿಡುವುದಿಲ್ಲ. “ಆಯ್ತು ಬಿಡಿ ಅತ್ತಿಗೆ, ಮಾತಾಡೋಣ” ಎಂದ. ಯುಗಾದಿಗೆ ಶೆಡ್ಡಿಗೆ ರಜೆ. ಮಾರನೆಯ ದಿನ ಹೊಸತೊಡಕು, ಮನೆ ತುಂಬ ನೆಂಟರು, ನಾನು ಮಸಾಲೆ ರುಬ್ಬುತ್ತಾ ಅಡುಗೆಮನೆ ಬಿಟ್ಟು ಅಲುಗಲಿಲ್ಲ. ನಾಗೂ ಮಾತ್ರ ಊಟಕ್ಕೆ ತಡವಾಗಿ ಬಂದ. ಅವನ ಅಂಗಿಯ ತೋಳಿನ ಮೇಲೆ ತಗಡು ಕೊರೆದ ಸಣ್ಣ ಪುಡಿ ಮಿನುಗುತ್ತಿತ್ತು. ನಾನು ಅವನ ಎಲೆಗೆ ಮುದ್ದೆ ಇಡುವಾಗ ಅದನ್ನು ಕಂಡೆ. ಏನು ಕೇಳಬೇಕೆಂದು ಹೊಳೆಯುವಷ್ಟರಲ್ಲಿ ಇನ್ನೊಬ್ಬರು ಸಾರು ಕೇಳಿದರು.

ಶೆಡ್ಡಿಗೆ ಹೋಗಿ ನೋಡಿದರೆ ಮುಂದಿನ ಬಲಗೋಡೆಯಲ್ಲಿ, ಕಿಟಕಿಯ ಕೆಳಗೆ, ಹೊಗೆಬಾಯಿ ಕೂತಿತ್ತು. ಸುತ್ತ ಬಿಳಿ ಸೀಲೆಂಟ್ ಇನ್ನೂ ಹಸಿ.

“ನನ್ ಕೆಲ್ಸ ಹೋಗುತ್ತೆ ಅಂದ್ರು ಮೇಡಂ” ಎಂದರು ಸಲೀಂ ಭಾಯ್. ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಯಶವಂತಪುರದ ಕಾರ್ಖಾನೆಯಿಂದ ದಣಿದು ಬಂದಿದ್ದರು. “ತಮ್ಮನ ಬಿಸಿನೆಸ್ಸು, ಅವನು ನೋಡ್ಕೋತಾನೆ. ನೀನು ಕರ್ಟನ್ ಹೊಲಿಯೋಕೆ ತಾನೆ ಹೋಗಿದ್ದು?” ಎಂದರು. ಅವರ ಶೇವಿಂಗ್ ಬ್ರಷ್ಷು ಎಲ್ಲಿಗೆ ಹೋಯಿತು ಎಂದು ಅವರು ಅದುವರೆಗೂ ಕೇಳಿರಲಿಲ್ಲ.

ಗಾಡಿ ಒಪ್ಪಿಸುವ ದಿನ ಪೂಜೆ. ನಾನು ಬೊಟ್ಟಿಟ್ಟಿರಲಿಲ್ಲ. ಹೋಗದೇ ಇರಬಹುದಿತ್ತು; ಆದರೆ ಒಳಗೆ ನಾನು ಹಾಕಿಸಿದ ಒಂದು ವಸ್ತುವಿತ್ತು. ಚಾವಣಿಗಿಂತ ಸ್ವಲ್ಪ ಕೆಳಗೆ, ಮಲಗುವ ಸೀಟಿನ ಎದುರು ಗೋಡೆಯಲ್ಲಿ, ಬಿಳಿಯ ಚಿಕ್ಕ ಡಬ್ಬಿ. ಕಾರ್ಬನ್ ಮಾನಾಕ್ಸೈಡ್ ಬಂದರೆ ಕಿರುಚುವ ಅಲಾರಂ. ಅದು ಇರುವವರೆಗೆ ಏನೋ ಒಂದು ಧೈರ್ಯ.

ಗಾಡಿಗೆ ಚೆಂಡುಹೂವಿನ ಹಾರ ಬಿತ್ತು. ಪೂಜಾರಿಗಳು ಒಳಗೂ ಧೂಪ ತೋರಿಸಬೇಕೆಂದರು. ಎಸಿ ತಂಪು ಹೋಗದಿರಲೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿತ್ತು. ನಿಗಿನಿಗಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿಕೊಂಡು ಅವರು ಹತ್ತಿದರು, ಹಿಂದೆಯೇ ಮನೆಯವರೆಲ್ಲ. ಮಂತ್ರ ನಿಧಾನವಾಗಿ ಸಾಗಿತ್ತು. ಎಲ್ಲರೂ ಕೈಮುಗಿದು ನಿಂತಿದ್ದಾಗ ಅಲಾರಂ ಕಿರುಚಿಕೊಂಡಿತು.

ಮುಚ್ಚಿದ ಗಾಡಿಯಲ್ಲಿ ಕೆಂಡವಿಟ್ಟರೆ ಅದೇ ವಿಷಗಾಳಿ ಏಳುತ್ತದೆ. ಡಬ್ಬಿ ತನ್ನ ಕೆಲಸ ಸರಿಯಾಗಿ ಮಾಡಿತ್ತು. ನಾನು ಬಾಗಿಲು ತೆರೆದು, “ಎಲ್ಲಾ ಇಳೀರಿ, ಇಳೀರಿ” ಎಂದು ಕೂಗಿದೆ. ಯಾರೂ ಇಳಿಯಲಿಲ್ಲ. ಮುನಿಶಾಮಪ್ಪನವರ ಮುಖ ಬಿಳಿಚಿತ್ತು.

“ಏನಿದು ನಾಗರಾಜ? ದೇವ್ರ ಮುಂದೆ ಇಂಗೆ ಬಡ್ಕೊಂತೈತಲ್ಲ! ಶುಭ ಕಾರ್ಯದಾಗೆ ಅಪಶಕುನ!”

“ಏನಿಲ್ಲ ಅಣ್ಣ, ಸೆನ್ಸರ್ ಫಾಲ್ಟು” ಎಂದ ನಾಗೂ. ಸೀಟಿನ ಮೇಲೆ ಹತ್ತಿ, ಡಬ್ಬಿಯ ಬೆನ್ನು ಬಿಚ್ಚಿ, ಬ್ಯಾಟರಿಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಸದ್ದು ನಿಂತಿತು. ಪೂಜಾರಿಗಳು ಬಿಟ್ಟ ಕಡೆಯಿಂದ ಮಂತ್ರ ಮುಂದುವರಿಸಿದರು.

“ನಾಗೂ, ಬ್ಯಾಟರಿ ಹಾಕು” ಎಂದೆ, ಮೆಲ್ಲಗೆ.

“ಪೂಜೆ ಮುಗೀಲಿ ಅತ್ತಿಗೆ.”

ಪೂಜೆ ಮುಗಿಯಿತು. ಮತ್ತೆ ಕೇಳಿದೆ. “ಎಲ್ರ ಮುಂದೆ ಶುರು ಮಾಡ್ಬೇಡಿ. ಆಮೇಲೆ ಡ್ರೈವರ್ ಕೈಲಿ ಕೊಡ್ತೀನಿ” ಎಂದ. ಬ್ಯಾಟರಿ ಅವನ ಜೇಬಿನಲ್ಲೇ ಉಳಿಯಿತು. ಅಷ್ಟರಲ್ಲಿ ಪೂಜಾರಿಗಳು ಗಾಡಿಯ ಸುತ್ತ ಅರಿಸಿನ ಕುಂಕುಮ ಹಚ್ಚುತ್ತಾ ಬಂದರು: ಬಾನೆಟ್ಟಿಗೆ, ಬಾಗಿಲಿಗೆ, ಡೀಸೆಲ್ ಮುಚ್ಚಳಕ್ಕೆ. ಕೊನೆಗೆ ಸಿಲಿಂಡರ್ ಪೆಟ್ಟಿಗೆಯ ಬಾಗಿಲಿಗೂ ಒಂದು ಬೊಟ್ಟಿಟ್ಟರು. ಅಷ್ಟೂ ದಿನ ನಾನು ಬಿಡದೆ ಉಳಿಸಿಕೊಂಡಿದ್ದ ಖಾಲಿ ಜಾಗ ಅದೊಂದೇ.

ಕುಂಬಳಕಾಯಿ ಒಡೆಯಲು ಗಂಡಸರೆಲ್ಲ ಮುಂದೆ ಸೇರಿದರು. ನಾನು ಲಕ್ಷ್ಮಮ್ಮನವರ ಕೈ ಹಿಡಿದು, “ಬನ್ನಿ, ಹಿಂದಿನ ಪರದೆಯ ಕೊಕ್ಕೆ ತೋರಿಸ್ತೀನಿ” ಎಂದು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಕುಂಕುಮ ಹಚ್ಚಿದ ಬಾಗಿಲು ತೆರೆದೆ.

“ಇದು ವಾಲ್ವು. ನಿಮ್ ಮನೆ ಸಿಲಿಂಡರ್ ಹಾಗೇನೇ. ಹೀಗೆ ಬಲಕ್ಕೆ ತಿರುಗಿಸಿದ್ರೆ ಬಂದ್. ನೀವು ಒಂದ್ಸಲ ತಿರುಗಿಸಿ.”

ಅವರ ಬೆರಳುಗಳು ಗಟ್ಟಿ. ಹಸುವಿನ ಕೆಚ್ಚಲು ಹಿಡಿದು ಪಳಗಿದ ಬೆರಳುಗಳು. ಒಂದೇ ಸಲಕ್ಕೆ ಮುಚ್ಚಿದರು.

“ಅಡುಗೆ ಮಾಡೋವಾಗ ತೆಗೀರಿ. ಮುಗಿದ ಕೂಡ್ಲೇ ಮುಚ್ಚಿ. ಆ ಹೀಟರ್ ಹೊತ್ತಬಾರದು ಲಕ್ಷ್ಮಮ್ಮನವರೇ. ಅದರ ಹೊಗೆ ನಿಮ್ ಮುಖಕ್ಕೇ ಬರುತ್ತೆ. ಚಳಿ ತಡ್ಕೊಳ್ಳಿ.”

ಅವರು ನನ್ನನ್ನೇ ನೋಡಿದರು. “ಬೂದಿ ಮುಚ್ಚಿದ್ ಕೆಂಡ ಮನೆಯಾಗಿಟ್ಟು ಮಲಗ್ಬಾರ್ದು ಅಂತ ನಮ್ಮವ್ವ ಅಂತಿದ್ಲು. ಅಂತದ್ದೇನಾ?”

“ಅಂಥದ್ದೇ.”

“ಅಂಗಾದ್ರೆ ಬುಡಿ” ಎಂದು ಸೆರಗಿನಿಂದ ಕೈ ಒರೆಸಿಕೊಂಡರು. ಮುಂದೆ ಕುಂಬಳಕಾಯಿ ಒಡೆದ ಸದ್ದು ಕೇಳಿತು.

ಗಾಡಿ ಹೋದ ಮೇಲಿನ ದಿನಗಳನ್ನು ವರ್ಣಿಸಲಾರೆ. ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವಾಗ, ಅನ್ನ ಬಸಿಯುವಾಗ, ಆ ಕಿಟಕಿ ಕಣ್ಣ ಮುಂದೆ ಇರುತ್ತಿತ್ತು. ಹೆಂಗಸೊಬ್ಬಳ ನೆನಪಿನ ಮೇಲೆ, ಗಂಡ ಬೈದರೂ ಅವಳು ಗಟ್ಟಿಯಾಗಿ ನಿಲ್ಲುವುದರ ಮೇಲೆ ಎರಡು ಜೀವ ನಿಂತಿದ್ದವು. ಡ್ರೈವರು ರಾತ್ರಿ ಲಾಡ್ಜಿನಲ್ಲಿ ಮಲಗುವವನು. ಕೂಗಿದರೆ ಕೇಳಿಸಿಕೊಳ್ಳಲು ಹತ್ತಿರ ಯಾರೂ ಇರುವುದಿಲ್ಲ.

ಒಂದು ಸಂಜೆ ನಾಗೂ ಮನೆಗೆ ಬಂದ. ಕಾಫಿ ಬೇಡ ಎಂದ.

“ಮುನಿಶಾಮಣ್ಣ ಬೆಟ್ಟದಿಂದ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದ್ರು ಅತ್ತಿಗೆ. ಹೀಟರ್ ಒಂದಿನಾನೂ ಬಿಸಿ ಆಗ್ಲಿಲ್ವಂತೆ. ಒಲೆ ಹತ್ತುತ್ತೆ, ಹೀಟರ್ ಹತ್ತಲ್ಲ. ಫ್ಯಾನ್ ಬರೀ ತಣ್ಣನೆ ಗಾಳಿ ಊದುತ್ತಂತೆ. ಚಳೀಲಿ ಸತ್ವಿ ಅಂತ ಕೂಗಾಡಿದ್ರು.”

ನಾನು ಕುರ್ಚಿಯ ಬೆನ್ನು ಹಿಡಿದು ಕೂತೆ. ಸತ್ತೆವು ಎಂದು ಕೂಗಾಡುವವರು ಬದುಕಿದ್ದಾರೆ. ಕಣ್ಣಲ್ಲಿ ನೀರು ಬಂತು. ನಾಗೂ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡ.

“ಅಳ್ಬೇಡಿ ಅತ್ತಿಗೆ. ಆಗುತ್ತೆ ಒಂದೊಂದ್ಸಲ. ನಿಮ್ಮನ್ನ ನಾನೇನೂ ಅನ್ನಲ್ಲ. ನೀವು ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಿ.”

“ಆ ಹೀಟರ್ ನಾನು ನೋಡಿದ್ದಲ್ವಲ್ಲ ನಾಗೂ. ನಾನು ಬೇಡ ಅಂದಿದ್ದು.”

“ಗೊತ್ತು. ಗಿರಾಕಿಗೆ ಏನಾದ್ರೂ ಹೇಳ್ಬೇಕಲ್ಲ. ಹೆಂಗಸರ ಕೈಲಿ ಕೊಟ್ಟಿದ್ದೆ, ತಪ್ಪಾಯ್ತಣ್ಣ ಅಂದೆ. ತಣ್ಣಗಾದ್ರು.”

ನನ್ನ ನಿವೃತ್ತಿ ಇಷ್ಟು. ಹಾರವಿಲ್ಲ, ಶಾಲಿಲ್ಲ. ಸಲೀಂ ಭಾಯ್ ನನ್ನ ಹೊಲಿಗೆ ಮೆಷಿನ್ನನ್ನು ಆಟೋದಲ್ಲಿ ತಂದು ಇಳಿಸಿದರು; ಸೋಪಿನ ನೀರಿನ ಡಬ್ಬಿಯನ್ನೂ ಬ್ರಷ್ಷನ್ನೂ ತೊಳೆದು ಮೇಲಿಟ್ಟಿದ್ದರು.

ಬದರಿಯಿಂದ ಬಂದ ಮೇಲೆ ಲಕ್ಷ್ಮಮ್ಮನವರು ನುಗ್ಗೆಕಾಯಿಯ ಕಟ್ಟು ಹಿಡಿದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದರು. ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ.

“ಮೂರು ಕಂಬ್ಳಿ ಒದ್ಕಂಡು ಮಲೀಕಂಡೆ ಸುಜಾತಮ್ಮ. ಅಲ್ಲು ಕಟಕಟ ಅಂತಿತ್ತು. ನಮ್ಮೆಜಮಾನ್ರು ಆ ಭಟ್ಟೀನ ಒದೀತಾರೆ, ಬೈತಾರೆ. ನಾನು ಸುಮ್ಕೆ ಗ್ವಾಡೆ ಕಡೆ ತಿರುಗ್ತೀನಿ. ಬೆಟ್ಟ ನೋಡ್ದೆ. ಕಿಟ್ಕಿ ತೆಕ್ಕಂಡೇ ನೋಡ್ದೆ.”

ಇಬ್ಬರೂ ನಕ್ಕೆವು. ಆದರೆ ಗಾಡಿ ಅವರ ಮನೆಯ ಮುಂದೆಯೇ ಇತ್ತು, ಹೀಟರು ಅದರಲ್ಲೇ ಇತ್ತು. ಮುಂದೆ ಯಾರಾದರೂ ವಾಲ್ವು ತೆಗೆದು ಹೊತ್ತಿಸಿದರೆ? ಗಂಡನಿಗೆ ನಿಜ ಹೇಳಲೇಬೇಕು ಎಂದೆ. ಅವರು ಬಹಳ ಹೊತ್ತು ನುಗ್ಗೆಕಾಯಿಯ ದಾರ ಬಿಚ್ಚುತ್ತಾ ಕೂತರು.

ಹೇಳಿದರು. ಮುನಿಶಾಮಪ್ಪನವರು ಒಂದು ದಿನ ಊಟ ಬಿಟ್ಟು ಕೂತರಂತೆ. ಆಮೇಲೆ ಯಲಹಂಕದ ಯಾರೋ ಫಿಟ್ಟರನ್ನು ಕರೆಸಿ ಹೀಟರು ಕೀಳಿಸಿದರು, ಗೋಡೆಯ ತೂತಿಗೆ ತಗಡು ಹೊಡೆಸಿದರು. ತಮ್ಮನ್ನು ಹೆಂಡತಿ ಅಷ್ಟು ದಿನ ಏಮಾರಿಸಿದಳು ಎನ್ನುವುದು ಮಾತ್ರ ಊರಿಗೆ ತಿಳಿಯಬಾರದು. “ಅವ್ರ ಮರ್ವಾದೆ ಸುಜಾತಮ್ಮ. ಯಾರ್ಗೂ ಏಳ್ಬೇಡಿ” ಎಂದು ಲಕ್ಷ್ಮಮ್ಮನವರು ಮತ್ತೊಮ್ಮೆ ಬಂದು ನನ್ನ ಕೈ ಹಿಡಿದುಕೊಂಡರು. ಹೇಳುವುದಿಲ್ಲ ಎಂದೆ.

ಹೀಗಾಗಿ ಉಳಿದದ್ದು ಒಂದೇ ಕತೆ. ಯಲಹಂಕದ ಕಲ್ಯಾಣ ಮಂಟಪವೊಂದರಲ್ಲಿ ನೆಂಟರ ಮದುವೆ. ಊಟದ ಸಾಲಿನಲ್ಲಿ ನನ್ನ ಪಕ್ಕ ಲಕ್ಷ್ಮಮ್ಮ, ಎದುರು ಸಾಲಿನಲ್ಲಿ ಅವರ ಗಂಡ. ಯಾರೋ ಕ್ಯಾರವಾನಿನ ಸುದ್ದಿ ಎತ್ತಿದರು.

“ನಾಗರಾಜ ಒಳ್ಳೆ ಉಡುಗಾನೇ” ಎಂದರು ಮುನಿಶಾಮಪ್ಪನವರು, ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ತಿಳಿದೂ. “ಗಾಡಿ ಸೂಪರು. ಈಟ್ರು ಒಂದು ಮಾತ್ರ ಎಂಗಸ್ರ ಕೈಗೆ ಕೊಟ್ಟು ಕೆಡ್ಸಿದ. ಪರ್ದೆ ಒಲಿಯೋರು ಪರ್ದೇನೇ ಒಲೀಬೇಕು.”

ಸಾಲೆಲ್ಲ ನಕ್ಕಿತು. ಲಕ್ಷ್ಮಮ್ಮನವರು ತಲೆಯೆತ್ತಲಿಲ್ಲ. ತಮ್ಮ ಎಲೆಯಿಂದ ಹೋಳಿಗೆ ತೆಗೆದು, ಮೆಲ್ಲಗೆ, ನನ್ನ ಎಲೆಗೆ ಹಾಕಿದರು. ನಾನು ತಿನ್ನಲಿಲ್ಲ. ಆ ಕ್ಷಣ ಅವರ ಮೇಲೂ ಸಿಟ್ಟು ಬಂದದ್ದು ನಿಜ. ನಾನು ಕಾಪಾಡಿದ ಬಾಯಿಯೇ ನನ್ನನ್ನು ಆಡಿಕೊಳ್ಳುತ್ತಿತ್ತು, ಇನ್ನೊಂದು ಬಾಯಿ ಸುಮ್ಮನಿತ್ತು. ಸುರಕ್ಷತೆಯ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದುಕೊಳ್ಳಿ. ನೀವು ತಪ್ಪಿಸಿದ ಸಾವನ್ನು ಯಾರೂ ನೋಡಿರುವುದಿಲ್ಲ. ಅವರು ಅನುಭವಿಸಿದ್ದು ಚಳಿ ಮಾತ್ರ, ನೆನಪಿಟ್ಟುಕೊಳ್ಳುವುದೂ ಅದನ್ನೇ.

ಇಲ್ಲಿಗೆ ಬಿಟ್ಟುಬಿಡುತ್ತಿದ್ದೆ. ಆದರೆ ಆ ಹುಡುಗಿ ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದಳು. ನಾಗೂ ಈಗ ‘ವಾಸ್ತು ಮಾಡೆಲ್’ ಎಂದು ಹೊಸ ಗಾಡಿ ತೆಗೆದಿದ್ದಾನೆ. ಹೀಟರು ಮುಂದಿನ ಬಲಮೂಲೆಯಲ್ಲೇ, ಕಿಟಕಿಯ ಕೆಳಗೇ. ಬಹಳ ಜನ ಕೇಳಿ ಮಾಡಿಸಿಕೊಳ್ಳುತ್ತಿದ್ದಾರಂತೆ. “ಬೊಟ್ಟು ಯಾರು ಇಡ್ತಾರೆ?” ಎಂದು ಕೇಳಿದೆ.

“ಯಾರೂ ಇಡಲ್ಲ ಆಂಟಿ. ಸಿಲಿಂಡರ್ ಬಾಗಿಲ ಸ್ಟಿಕರ್ ಮೇಲೆ ಪ್ರಿಂಟ್ ಆಗೇ ಬರುತ್ತೆ. ಕೆಂಪು ಚುಕ್ಕಿ. ನಮ್ ಶೆಡ್ಡಿನ ಸಂಪ್ರದಾಯ ಅಂತೆ.”

ಲಕ್ಷ್ಮಮ್ಮನವರಿಗೆ ಫೋನ್ ಮಾಡಿ ಇದನ್ನು ತಿಳಿಸಿದೆ. “ಬರೀರಿ ಸುಜಾತಮ್ಮ. ಎಸ್ರು ಮಾತ್ರ ಬೇರೆ ಆಕಿ” ಎಂದರು. ನಾಗೂ ಹತ್ತಿರ ನಾನೇ ಹೋಗಿ ಹೇಳಿದೆ. ಅವನು ನನಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಎಲ್ಲ ಕೇಳಿಸಿಕೊಂಡ. “ಇಷ್ಟು ಗಾಡಿ ಹೋಗಿದೆ ಅತ್ತಿಗೆ. ಏನೂ ಆಗಿಲ್ವಲ್ಲ” ಎಂದ.

ಆದ್ದರಿಂದ ಮಗಳೇ, ನೀನು ಕೇಳಿದ್ದಕ್ಕೆ ಉತ್ತರ. ಅಚ್ಚಾದ ಚುಕ್ಕಿಯನ್ನು ನಂಬಬೇಡ. ಸೋಪಿನ ನೊರೆ ಬಳಿದು ತಾಳ್ಮೆಯಿಂದ ನೋಡು. ತಳದ ತೂತಿಗೆ ಬೆರಳು ಹಾಕಿ ನೋಡು. ಹೊಗೆಬಾಯಿಯ ಮೇಲೆ ಕಿಟಕಿಯಿದ್ದರೆ ಒಪ್ಪಬೇಡ, ಯಾವ ದಿಕ್ಕಿನ ಹೆಸರು ಹೇಳಿದರೂ. ಅಲಾರಮ್ಮಿನ ಬ್ಯಾಟರಿ ಯಾರ ಜೇಬಿನಲ್ಲಿದೆ ಎಂದು ಎಲ್ಲರ ಮುಂದೆಯೇ ಕೇಳು. ನಾನು ಮೆಲ್ಲಗೆ ಕೇಳಿದೆ. ನಿನ್ನ ಮಾತು ನಡೆಯದಿದ್ದರೆ ಕೆಲಸ ಬಿಡು. ಆದರೆ ಬಿಡುವ ಮುಂಚೆ, ಆ ಗಾಡಿಯಲ್ಲಿ ಮಲಗುವ ಹೆಂಗಸು ಯಾರೆಂದು ಕೇಳಿ ತಿಳಿದುಕೋ. ಪರದೆಯ ಕೊಕ್ಕೆ ತೋರಿಸುತ್ತೇನೆಂದು ಹಿಂದಕ್ಕೆ ಕರೆದುಕೊಂಡು ಹೋಗು. ವಾಲ್ವನ್ನು ನೀನು ಮುಚ್ಚಿ ತೋರಿಸಬೇಡ. ಅವಳ ಕೈಯಿಂದಲೇ ಮುಚ್ಚಿಸು.